ಕಲೂಗದ ಗಣಿತೋಪಾಧ್ಯಾಯರು

ಅಂತರಿಕ್ಷಯಾನದ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ 1957ನೆಯ ಇಸವಿಯ ಅಕ್ಟೋಬರ್ 4ರಿಂದ, ಎಂದರೆ ಸ್ಪುಟ್ನಿಕ್ ಎಂಬ ಮೊದಲ ಕೃತಕ ಉಪಗ್ರಹವು ಭೂಮಿಯನ್ನು ಸುತ್ತತೊಡಗಿದ ದಿನದಿಂದ, ತಮ್ಮ ಕಥನವನ್ನು ಆರಂಭಿಸುತ್ತಾರೆ. ಆದರೆ ಆ ಚರಿತ್ರೆಯ ಬೇರು ಅದಕ್ಕೂ 60 ವರ್ಷಗಳಷ್ಟು ಹಿಂದಕ್ಕೆ, ಮಾಸ್ಕೋದ ನೈಋತ್ಯಕ್ಕೆ ಓಕಾ ನದಿಯ ದಂಡೆಯಲ್ಲಿರುವ ಕಲೂಗ ಎಂಬ ಪಟ್ಟಣದ ಒಬ್ಬ ಶಾಲಾ ಉಪಾಧ್ಯಾಯರ ಮೇಜಿನವರೆಗೆ ಹೋಗಿ ನಿಲ್ಲುತ್ತದೆ. ಆ ಉಪಾಧ್ಯಾಯರ ಹೆಸರು ಕಾನ್‌ಸ್ತಾಂತೀನ್ ತ್ಸಿಯೋಲ್ಕೋವ್‌ಸ್ಕಿ. ಅವರಿಗೆ ವಿಶ್ವವಿದ್ಯಾಲಯದ ಪದವಿ ಇರಲಿಲ್ಲ, ಪ್ರಯೋಗಶಾಲೆ ಇರಲಿಲ್ಲ, ತರಗತಿಯಲ್ಲಿ ಎದುರು ಕುಳಿತ ಮಕ್ಕಳ ಮಾತು ಕೂಡ ಅವರ ಕಿವಿಗೆ ಸರಿಯಾಗಿ ಬೀಳುತ್ತಿರಲಿಲ್ಲ. ತಮ್ಮ 78 ವರ್ಷಗಳ ಜೀವಿತದಲ್ಲಿ ಅವರು ಒಂದೇ ಒಂದು ರಾಕೆಟ್ಟನ್ನೂ ಹಾರಿಸಿದವರಲ್ಲ. ಆದರೂ ಇಂದು ಹಾರುವ ಪ್ರತಿಯೊಂದು ರಾಕೆಟ್ಟಿನ ವಿನ್ಯಾಸಕಾರನೂ ಮೊಟ್ಟಮೊದಲು ಮಾಡುವ ಲೆಕ್ಕ ಅವರದು. ಈ ಸಂಚಿಕೆಯ ಓದುಗರಲ್ಲಿ ಹಲವರು ಉಪಾಧ್ಯಾಯರು, ಉಳಿದವರು ಅವರಲ್ಲಿ ಕಲಿತವರು, ಇಲ್ಲವೇ ಶಾಲೆಗಳಿಗೆ ಕೈನೀಡಿದವರು. ಆದಕಾರಣ ಈ ಉಪಾಧ್ಯಾಯರ ಜೀವನವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೆನೆಯುವುದು ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇನೆ.

ಅವರು ಜನಿಸಿದ್ದು 1857ರ ಸೆಪ್ಟೆಂಬರ್ 17ರಂದು, ರ್‍ಯಾಜಾನ್ ಪ್ರಾಂತದ ಇಜೆವ್‌ಸ್ಕೊಯೆ ಎಂಬ ಹಳ್ಳಿಯಲ್ಲಿ. ತಂದೆ ಎದುಆರ್ದ್ ಪೋಲಿಷ್ ಮೂಲದವರು, ಅರಣ್ಯ ಇಲಾಖೆಯ ನೌಕರರು. ತಾಯಿ ಮರಿಯಾ ವಿದ್ಯಾಭಿರುಚಿಯುಳ್ಳ ಗೃಹಿಣಿ. ಹತ್ತನೆಯ ವಯಸ್ಸಿನ ಸುಮಾರಿಗೆ ಬಾಲಕನಿಗೆ ಸ್ಕಾರ್ಲೆಟ್ ಜ್ವರ ತಗುಲಿತು. ಪ್ರಾಣ ಉಳಿಯಿತು, ಶ್ರವಣಶಕ್ತಿ ಬಹುಮಟ್ಟಿಗೆ ಹೋಯಿತು. ಕುಟುಂಬವು ವ್ಯಾತ್ಕಾ ನಗರಕ್ಕೆ ಹೋಗಿ ನೆಲೆಸಿದ ಮೇಲೆ 1870ರಲ್ಲಿ ತಾಯಿಯೂ ತೀರಿಕೊಂಡಳು. ತರಗತಿಯಲ್ಲಿ ಉಪಾಧ್ಯಾಯರು ಹೇಳುವುದು ಕೇಳಿಸದ ಹುಡುಗನಿಗೆ ಶಾಲೆ ನಿರರ್ಥಕವಾಯಿತು. 1873ರಲ್ಲಿ ಅದೂ ನಿಂತುಹೋಯಿತು. ಅಲ್ಲಿಂದ ಮುಂದೆ ಆತನಿಗೆ ಯಾವ ಗುರುವೂ ಯಾವ ಶಾಲೆಯಲ್ಲೂ ಪಾಠ ಹೇಳಲಿಲ್ಲ. ಮುಂದೆ ಸುಮಾರು 40 ವರ್ಷ ಪಾಠ ಹೇಳಿದ ಮನುಷ್ಯನೊಬ್ಬನು ತಾನು ಮಾತ್ರ ಪಾಠ ಕೇಳುವ ಭಾಗ್ಯದಿಂದ ವಂಚಿತನಾಗಿದ್ದನೆಂಬುದು ಈ ಜೀವನದ ಮೊದಲ ವಿಚಿತ್ರ.

ಮನೆಯಲ್ಲಿದ್ದ ಪುಸ್ತಕಗಳನ್ನು ಓದಿಕೊಂಡು, ತಾನೇ ಉಪಕರಣಗಳನ್ನು ಮಾಡಿಕೊಂಡು ಕೋನ, ದೂರಗಳನ್ನು ಅಳೆಯುತ್ತಿದ್ದ ಮಗನನ್ನು ಕಂಡ ತಂದೆ, 16ನೆಯ ವಯಸ್ಸಿನಲ್ಲಿ ಆತನನ್ನು ಮಾಸ್ಕೋಗೆ ಕಳುಹಿಸಿದರು. ಅಲ್ಲಿ ಮೂರು ವರ್ಷ ಆತನ ವಿಶ್ವವಿದ್ಯಾಲಯವೆಂದರೆ ಸಾರ್ವಜನಿಕ ಗ್ರಂಥಾಲಯ. ಬೆಳಗ್ಗೆ ಬಾಗಿಲು ತೆರೆಯುವಾಗ ಹೋಗಿ ಕುಳಿತರೆ ಮುಚ್ಚುವಾಗ ಏಳುವುದು. ಬೀಜಗಣಿತ, ಕಲನಶಾಸ್ತ್ರ, ಯಂತ್ರಶಾಸ್ತ್ರ, ಖಗೋಳಶಾಸ್ತ್ರ ಎಲ್ಲವನ್ನೂ ಸ್ವಂತ ಬಲದಿಂದಲೇ ಅರಗಿಸಿಕೊಳ್ಳುವುದು. ಮನೆಯಿಂದ ಬರುತ್ತಿದ್ದ ಅಲ್ಪ ಹಣದಲ್ಲಿ ಹೆಚ್ಚಿನ ಭಾಗ ಪುಸ್ತಕಕ್ಕೂ ರಾಸಾಯನಿಕಗಳಿಗೂ ವ್ಯಯವಾಗುತ್ತಿತ್ತು; ಹೊಟ್ಟೆಗೆ ಕರಿ ರೊಟ್ಟಿ ಮತ್ತು ನೀರು. ಆ ಗ್ರಂಥಾಲಯದಲ್ಲಿ ನಿಕೊಲಾಯ್ ಫ್ಯೋದೊರೊವ್ ಎಂಬ ವಿರಕ್ತ ಸ್ವಭಾವದ ಗ್ರಂಥಪಾಲರಿದ್ದರು. ಅವರು ಈ ಕಿವುಡ ಹುಡುಗನಿಗೆ ಬೇಕಾದ ಪುಸ್ತಕಗಳನ್ನು ಹುಡುಕಿ ತಂದುಕೊಡುತ್ತಿದ್ದರು. ಮಗನು ಹಸಿವಿನಿಂದ ಸೊರಗುತ್ತಿರುವನೆಂಬ ಸುದ್ದಿ ತಿಳಿದು 1876ರಲ್ಲಿ ತಂದೆ ಆತನನ್ನು ಊರಿಗೆ ಕರೆಸಿಕೊಂಡರು.

1879ರಲ್ಲಿ ಖಾಸಗಿಯಾಗಿ ಪರೀಕ್ಷೆಗೆ ಕುಳಿತು ಉಪಾಧ್ಯಾಯ ವೃತ್ತಿಯ ಅರ್ಹತೆ ಪಡೆದ ತ್ಸಿಯೋಲ್ಕೋವ್‌ಸ್ಕಿ, ಮರುವರ್ಷ ಬೊರೊವ್‌ಸ್ಕ್ ಎಂಬ ಸಣ್ಣ ಪಟ್ಟಣದ ಶಾಲೆಗೆ ಅಂಕಗಣಿತ ಮತ್ತು ರೇಖಾಗಣಿತದ ಉಪಾಧ್ಯಾಯರಾಗಿ ನೇಮಕಗೊಂಡರು. ಅದೇ ವರ್ಷ ವರ್ವಾರಾ ಎಂಬುವರೊಡನೆ ವಿವಾಹವಾಯಿತು. ಕಿವಿ ಕೇಳಿಸದ ಉಪಾಧ್ಯಾಯರು ತರಗತಿಯನ್ನು ಹೇಗೆ ನಡೆಸುತ್ತಿದ್ದಿರಬಹುದೆಂದು ವೃತ್ತಿಯಲ್ಲಿರುವವರಿಗೆ ಕುತೂಹಲವಾಗುವುದು ಸಹಜ. ಅವರು ತಗಡಿನಿಂದ ತುತ್ತೂರಿಯ ಆಕಾರದ ಕೊಳವೆಗಳನ್ನು ತಾವೇ ಮಾಡಿಕೊಂಡು ಕಿವಿಗೆ ಹಿಡಿಯುತ್ತಿದ್ದರು. ಕೇಳುವ ಕೊರತೆಯನ್ನು ತೋರಿಸುವ ಶಕ್ತಿಯಿಂದ ತುಂಬಿಕೊಂಡರು: ಕಾಗದದ ಬಲೂನು ಮಾಡಿ, ಬಿಸಿಗಾಳಿ ತುಂಬಿ, ಮಕ್ಕಳ ಮುಂದೆಯೇ ಹಾರಿಸುತ್ತಿದ್ದರು. ಪುಸ್ತಕದಲ್ಲಿ ಇದ್ದದ್ದು ಕಣ್ಣೆದುರು ನಡೆಯಬೇಕೆಂಬುದು ಅವರ ಬೋಧನೆಯ ರೀತಿ. ಊರಿನ ದೊಡ್ಡವರು ಅವರನ್ನು ಅರೆಹುಚ್ಚನೆಂದು ಬಗೆದರೂ ಮಕ್ಕಳು ಅವರ ಪಾಠವನ್ನು ಮೆಚ್ಚಿದ್ದರು.

ಬೊರೊವ್‌ಸ್ಕ್‌ನಲ್ಲಿದ್ದಾಗಲೇ ಅವರು ಅನಿಲಗಳ ಚಲನೆಯನ್ನು ಕುರಿತು ಒಂದು ಪ್ರಬಂಧ ಬರೆದು ರಾಜಧಾನಿಯ ಭೌತ-ರಸಾಯನ ವಿಜ್ಞಾನ ಸಂಘಕ್ಕೆ ಕಳುಹಿಸಿದರು. ಆ ಸಿದ್ಧಾಂತವು ಹಲವು ವರ್ಷಗಳ ಹಿಂದೆಯೇ ಯುರೋಪಿನಲ್ಲಿ ಪ್ರತಿಪಾದಿತವಾಗಿತ್ತು. ಹಳ್ಳಿಗಾಡಿನ ಉಪಾಧ್ಯಾಯರಿಗೆ ಅದು ತಿಳಿದಿರಲಿಲ್ಲ. ಬೇರೆಯವರು ಕಂಡುಹಿಡಿದದ್ದನ್ನು ಮತ್ತೆ ಕಂಡುಹಿಡಿಯುವುದು ವ್ಯರ್ಥಶ್ರಮವೆಂದು ಕೆಲವರು ಹೇಳುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಸಂಘದ ವಿದ್ವಾಂಸರಿಗೂ ಹಾಗೆ ತೋರಲಿಲ್ಲ. ಅವರು ಮುಂದೆ ಈತನನ್ನು ಸದಸ್ಯನನ್ನಾಗಿ ಆರಿಸಿಕೊಂಡರು. 1883ರಲ್ಲಿ ಬರೆದ ಒಂದು ಹಸ್ತಪ್ರತಿಯಲ್ಲಿ ಗಾಳಿಯೂ ನೆಲವೂ ಇಲ್ಲದ ಶೂನ್ಯದಲ್ಲಿ ಚಲಿಸಬೇಕಾದರೆ ತನ್ನಲ್ಲಿರುವುದನ್ನೇ ಹಿಂದಕ್ಕೆ ಎಸೆದು ಮುಂದಕ್ಕೆ ಹೋಗಬೇಕು, ಬೇರೆ ದಾರಿಯಿಲ್ಲ ಎಂಬ ನಿಶ್ಚಯಕ್ಕೆ ಅವರು ಬಂದಿದ್ದರು.

ಆದರೆ ಆ ಕಾಲದಲ್ಲಿ ಅವರ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ರಾಕೆಟ್ಟಲ್ಲ, ಲೋಹದ ಹೊದಿಕೆಯ ವಾಯುನೌಕೆ. ಅದಕ್ಕಾಗಿ ಅವರು ವರ್ಷಾನುಗಟ್ಟಲೆ ದುಡಿದರು, ಪುಸ್ತಿಕೆಗಳನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಅದು ಕಡೆಗೂ ಅವರು ಬಯಸಿದಂತೆ ಕಟ್ಟಲ್ಪಡಲಿಲ್ಲ. 1887ರಲ್ಲಿ ಮನೆಗೆ ಬೆಂಕಿ ಬಿದ್ದು ಪುಸ್ತಕಗಳೂ ಬರೆಹಗಳೂ ಬೂದಿಯಾದವು. 1892ರಲ್ಲಿ ಕಲೂಗಕ್ಕೆ ವರ್ಗವಾಯಿತು. ಅಲ್ಲಿಂದ ಕೊನೆಯವರೆಗೆ ಅವರು ಆ ಊರನ್ನು ಬಿಡಲಿಲ್ಲ. ಹಾರುವ ವಸ್ತುಗಳಿಗೆ ಗಾಳಿ ಒಡ್ಡುವ ತಡೆಯನ್ನು ಅಳೆಯಲು 1897ರಲ್ಲಿ ತಮ್ಮ ಬಾಡಿಗೆ ಮನೆಯಲ್ಲಿಯೇ ಬೀಸುಗಾಳಿಯ ಒಂದು ಯಂತ್ರವನ್ನು ನಿರ್ಮಿಸಿದರು. ಇಂದಿನ ವಿಮಾನಶಾಸ್ತ್ರದಲ್ಲಿ ಗಾಳಿ ಸುರಂಗವೆಂದು ಕರೆಯುವ ಸಾಧನ ಅದು. ರಷ್ಯದಲ್ಲಿ ಅಂಥವುಗಳಲ್ಲಿ ಮೊದಮೊದಲಿನದು. ಆ ಕೆಲಸವನ್ನು ಮುಂದುವರಿಸಲು ವಿಜ್ಞಾನ ಅಕಾಡೆಮಿಯು 470 ರೂಬಲ್ ಸಹಾಯಧನ ಕೊಟ್ಟಿತು. ಆ ಹಣದಿಂದ ಅವರು ಇನ್ನೂ ದೊಡ್ಡ ಯಂತ್ರವನ್ನು ಕಟ್ಟಿ ಪ್ರಯೋಗಗಳನ್ನು ನಡೆಸಿ ವರದಿ ಒಪ್ಪಿಸಿದರು. ಕ್ರಾಂತಿಪೂರ್ವದ ರಷ್ಯದಲ್ಲಿ ಅಕಾಡೆಮಿಯಿಂದ ಅವರಿಗೆ ದೊರೆತ ಧನಸಹಾಯವೆಂದರೆ ಇಷ್ಟೇ. ಅಕಾಡೆಮಿಯನ್ನು ದೂರುವುದು ಸುಲಭ. ಆದರೆ ಆ 470 ರೂಬಲ್ಲುಗಳನ್ನು ಕೊಡಲು ಮನಸ್ಸು ಮಾಡಿದವರೂ ಅಲ್ಲಿ ಇದ್ದರೆಂಬುದನ್ನು ಮರೆಯಬಾರದು.

ಇನ್ನು ಅವರ ಹೆಸರನ್ನು ಉಳಿಸಿದ ಲೆಕ್ಕದ ವಿಚಾರ. ಅದು 1897ರ ಮೇ 10ರ ದಿನಾಂಕವಿರುವ ಒಂದು ಹಸ್ತಪ್ರತಿಯಲ್ಲಿದೆ. ನಮ್ಮ ಭಾಗದಿಂದ ಉಳವಿಯ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುವವರನ್ನು ಓದುಗರು ನೋಡಿರುತ್ತಾರೆ. ಹಾದಿ ಉದ್ದವಾದಷ್ಟೂ ಎತ್ತುಗಳಿಗೆ ಮೇವು ಹೆಚ್ಚು ಹೇರಬೇಕು. ಮೇವು ಹೆಚ್ಚಾದರೆ ಬಂಡಿಯ ಭಾರ ಹೆಚ್ಚುತ್ತದೆ. ಭಾರ ಹೆಚ್ಚಾದರೆ ಎತ್ತುಗಳು ಇನ್ನೂ ಹೆಚ್ಚು ಮೇವು ಬೇಡುತ್ತವೆ. ಭೂಮಿಯ ಮೇಲಾದರೋ ನಡುದಾರಿಯ ಊರುಗಳಲ್ಲಿ ಹೊರೆ ಹುಲ್ಲು ಸಿಕ್ಕೀತು. ಅಂತರಿಕ್ಷದ ಹಾದಿಯಲ್ಲಿ ಅಂಥ ಊರಿಲ್ಲ. ರಾಕೆಟ್ಟು ತನ್ನ ಇಂಧನವನ್ನಷ್ಟೇ ಅಲ್ಲ, ಆ ಇಂಧನವನ್ನು ಉರಿಸಲು ಬೇಕಾದ ಆಮ್ಲಜನಕವನ್ನೂ ಹೊತ್ತೇ ಹೊರಡಬೇಕು. ಹಾಗಾದರೆ ಎಷ್ಟು ಹೊತ್ತರೆ ಎಷ್ಟು ವೇಗ ಸಿಕ್ಕುತ್ತದೆ?

ತ್ಸಿಯೋಲ್ಕೋವ್‌ಸ್ಕಿಯವರ ಸೂತ್ರವು ಈ ಪ್ರಶ್ನೆಗೆ ಉತ್ತರ. ಅದರ ಪ್ರಕಾರ ರಾಕೆಟ್ಟು ಗಳಿಸುವ ವೇಗವು ಎರಡೇ ಸಂಗತಿಗಳನ್ನು ಅವಲಂಬಿಸಿದೆ. ಒಂದು, ಹಿಂದಕ್ಕೆ ಚಿಮ್ಮುವ ಅನಿಲದ ವೇಗ. ಇನ್ನೊಂದು, ಹೊರಡುವಾಗಿನ ಒಟ್ಟು ತೂಕಕ್ಕೂ ಇಂಧನ ತೀರಿದ ಮೇಲೆ ಉಳಿಯುವ ತೂಕಕ್ಕೂ ಇರುವ ಪ್ರಮಾಣ. ಮೊದಲನೆಯದನ್ನು ಎರಡನೆಯದರ ಸ್ವಾಭಾವಿಕ ಲಾಗರಿದಮ್ಮಿನಿಂದ ಗುಣಿಸಿದರೆ ಆಯಿತು. ಕ್ಲಾರ್ಕನ ಕೋಷ್ಟಕವನ್ನು ಬಗಲಲ್ಲಿಟ್ಟುಕೊಂಡು ಶಾಲೆಗೆ ಬರುತ್ತಿದ್ದ ಹುಡುಗರು ಲಾಗರಿದಮ್ಮಿನಿಂದ ಏನು ಪ್ರಯೋಜನವೆಂದು ಕೇಳಿದಾಗ, ದೊಡ್ಡ ಗುಣಾಕಾರಗಳನ್ನು ಸುಲಭ ಮಾಡುವುದಕ್ಕೆ ಎಂದಷ್ಟೇ ಹೇಳಿ ಈ ಲೇಖಕನೂ ಬಹುಕಾಲ ಮುಂದೆ ಸಾಗಿದ್ದುಂಟು. ಈ ಸೂತ್ರವನ್ನು ತೋರಿಸಿದ್ದರೆ ಬೇರೆ ಉತ್ತರವನ್ನೇ ಕೊಡಬಹುದಾಗಿತ್ತು. ಏಕೆಂದರೆ ಲಾಗರಿದಮ್ಮು ಬಹಳ ಜಿಪುಣ. ಅನಿಲದ ವೇಗದಷ್ಟೇ ವೇಗವನ್ನು ರಾಕೆಟ್ಟು ಪಡೆಯಬೇಕಾದರೆ ಹೊರಡುವ ತೂಕ ಉಳಿಯುವ ತೂಕದ 2.72 ಪಟ್ಟು ಇದ್ದರೆ ಸಾಕು. ಎರಡರಷ್ಟು ವೇಗಕ್ಕೆ 7.39 ಪಟ್ಟು ಬೇಕು. ಮೂರರಷ್ಟಕ್ಕೆ ಸುಮಾರು 20 ಪಟ್ಟು. ವೇಗವು ಕೂಡುತ್ತ ಹೋದರೆ ತೂಕವು ಗುಣಿಸುತ್ತ ಹೋಗುತ್ತದೆ.

ಭೂಮಿಯನ್ನು ಸುತ್ತಲು ಕ್ಷಣಕ್ಕೆ ಸುಮಾರು 8 ಕಿಲೋಮೀಟರ್ ವೇಗ ಬೇಕು. ಮೇಲೇರುವಾಗ ಗುರುತ್ವಾಕರ್ಷಣೆಗೂ ವಾಯುವಿಗೂ ತೆರಬೇಕಾದ ಸುಂಕ ಸೇರಿದರೆ 9 ಕಿಲೋಮೀಟರಿಗೂ ಮಿಕ್ಕುತ್ತದೆ. 9 ಎಂದೇ ಹಿಡಿಯೋಣ. ಅನಿಲವು ಕ್ಷಣಕ್ಕೆ 1 ಕಿಲೋಮೀಟರಿನಂತೆ ಚಿಮ್ಮುವ ಮದ್ದಿನ ಬಾಣವಾದರೆ ಒಂದು ಟನ್ನನ್ನು ಅಲ್ಲಿಗೆ ಮುಟ್ಟಿಸಲು 8000 ಟನ್ನಿಗೂ ಹೆಚ್ಚು ಹೊರಡಬೇಕು. 3 ಕಿಲೋಮೀಟರಾದರೆ 20 ಟನ್ನು ಸಾಕು. 4.4 ಕಿಲೋಮೀಟರಾದರೆ ಎಂಟು ಟನ್ನಿಗೂ ಕಡಿಮೆ. ಕಲೂಗದ ಉಪಾಧ್ಯಾಯರು ಈ ಬಗೆಯ ಲೆಕ್ಕ ಹಾಕಿ, ಎಲ್ಲಕ್ಕಿಂತ ವೇಗವಾಗಿ ಚಿಮ್ಮುವ ಅನಿಲ ಯಾವುದೆಂದು ಹುಡುಕಿ, ದ್ರವ ಜಲಜನಕವನ್ನು ದ್ರವ ಆಮ್ಲಜನಕದೊಡನೆ ಉರಿಸಬೇಕೆಂದು 1903ರಲ್ಲಿ ಪ್ರಕಟಿಸಿದರು. ಜಲಜನಕವನ್ನು ಮೊಟ್ಟಮೊದಲು ದ್ರವರೂಪಕ್ಕೆ ಇಳಿಸಿದ್ದೇ 1898ರಲ್ಲಿ, ಲಂಡನ್ನಿನಲ್ಲಿ ಡ್ಯೂವರ್ ಎಂಬ ವಿಜ್ಞಾನಿ. ಇಡೀ ಜಗತ್ತಿನಲ್ಲಿ ಕೆಲವೇ ಬಟ್ಟಲುಗಳಷ್ಟು ದೊರೆಯುತ್ತಿದ್ದ ಪದಾರ್ಥವನ್ನು ಟನ್ನುಗಟ್ಟಲೆ ಉರಿಸುವ ಯಂತ್ರವನ್ನು ಅವರು ಚಿತ್ರಿಸಿದರು. ಇಂಥ ಸೂತ್ರವನ್ನು ಅವರಿಗಿಂತ ಮೊದಲೇ ಇಂಗ್ಲೆಂಡಿನ ಒಬ್ಬ ಗಣಿತಜ್ಞ ಯುದ್ಧದ ರಾಕೆಟ್ಟುಗಳಿಗಾಗಿ ಸಾಧಿಸಿದ್ದುಂಟೆಂದು ಇತಿಹಾಸಕಾರರು ತೋರಿಸಿದ್ದಾರೆ. ಅದು ನಿಜ. ಆದರೆ ಆ ಸೂತ್ರದ ಹಾದಿಯಲ್ಲಿ ಮನುಷ್ಯನು ಭೂಮಿಯನ್ನು ಬಿಟ್ಟು ಹೊರಡಬಹುದೆಂದು ಲೆಕ್ಕದಿಂದ ಸಾಧಿಸಿದ ಗೌರವ ತ್ಸಿಯೋಲ್ಕೋವ್‌ಸ್ಕಿಯವರದೇ.

1903ರ ಆ ಲೇಖನ ಅಚ್ಚಾದ ಸನ್ನಿವೇಶವೂ ದುರ್ದೈವದಿಂದ ಕೂಡಿತ್ತು. ಅದನ್ನು ಪ್ರಕಟಿಸಿದ ಮಾಸಪತ್ರಿಕೆಯ ಸಂಪಾದಕ ಫಿಲಿಪೊವ್ ಅದೇ ವರ್ಷದ ಜೂನ್ ತಿಂಗಳಲ್ಲಿ ತಮ್ಮ ಪ್ರಯೋಗಶಾಲೆಯಲ್ಲಿ ಸತ್ತು ಬಿದ್ದಿದ್ದರು. ಪತ್ರಿಕೆ ನಿಂತುಹೋಯಿತು. ಲೇಖನದ ಉತ್ತರಭಾಗ ಬೆಳಕು ಕಾಣಲು 1911ರವರೆಗೆ ಕಾಯಬೇಕಾಯಿತು. ಅದಕ್ಕೂ ಹಿಂದೆ, 1902ರ ಕೊನೆಯಲ್ಲಿ, ಮಾಸ್ಕೋದಲ್ಲಿ ಓದುತ್ತಿದ್ದ ಹಿರಿಯ ಮಗ ಇಗ್ನಾತಿ ಆತ್ಮಹತ್ಯೆ ಮಾಡಿಕೊಂಡಿದ್ದನು. 1908ರಲ್ಲಿ ಓಕಾ ನದಿಯ ಪ್ರವಾಹ ಮನೆಯೊಳಕ್ಕೆ ನುಗ್ಗಿ ಕಾಗದಪತ್ರಗಳನ್ನು ಹಾಳುಮಾಡಿತು. ಏಳು ಮಕ್ಕಳಲ್ಲಿ ಐವರು ತಂದೆ ಬದುಕಿರುವಾಗಲೇ ಮಡಿದರು. ಸಂಬಳದ ಬಹುಪಾಲು ಮಾದರಿಗಳಿಗೂ ಮುದ್ರಣಕ್ಕೂ ಹೋಗುತ್ತಿದ್ದಾಗ ಆ ಮನೆಯನ್ನು ತೂಗಿಸಿಕೊಂಡು ಹೋದವರು ವರ್ವಾರಾ. ಜೀವನಚರಿತ್ರೆಗಳಲ್ಲಿ ಅವರಿಗೆ ಸಿಕ್ಕುವುದು ಒಂದೆರಡು ಸಾಲು. ಗಂಡನ ಲೆಕ್ಕಗಳು ಬೆಲೆಯುಳ್ಳವೆಂದು ಜಗತ್ತು ಒಪ್ಪುವವರೆಗೆ ಅವುಗಳ ಬೆಲೆಯನ್ನು ತೆತ್ತವರು ಆಕೆ. ಇದನ್ನು ಹೇಳದೆ ಆ ಸೂತ್ರವನ್ನು ಮಾತ್ರ ಹೊಗಳುವುದು ನ್ಯಾಯವಲ್ಲ.

ಲೇಖನ ಬೆಳಕಿಗೆ ಬಂದ ಮೇಲೂ ಹೊರಜಗತ್ತು ಅದನ್ನು ಓದಲಿಲ್ಲ. ಅಮೆರಿಕದಲ್ಲಿ ಗಾಡರ್ಡ್, ಜರ್ಮನ್ ಭಾಷೆಯಲ್ಲಿ ಬರೆದ ಓಬರ್ತ್, ಫ್ರಾನ್ಸಿನಲ್ಲಿ ಎನೊ-ಪೆಲ್ತರೀ ಇವರೆಲ್ಲ ಬೇರೆ ಬೇರೆಯಾಗಿ ಅದೇ ತೀರ್ಮಾನಗಳಿಗೆ ಬಂದರು. ಗಾಡರ್ಡ್ ಅವರಂತೂ 1926ರ ಮಾರ್ಚ್ 16ರಂದು ದ್ರವ ಇಂಧನದ ಮೊದಲ ರಾಕೆಟ್ಟನ್ನು ಹಾರಿಸಿಯೇಬಿಟ್ಟರು. 1923ರಲ್ಲಿ ಓಬರ್ತರ ಪುಸ್ತಕ ಹೊರಬಂದಾಗ ಕಲೂಗದ ವೃದ್ಧರು ತಮ್ಮ 1903ರ ಬರೆಹವನ್ನು ಮರುವರ್ಷ ಮತ್ತೆ ಅಚ್ಚು ಹಾಕಿಸಿ ತಮ್ಮ ಹಕ್ಕನ್ನು ನೆನಪಿಸಿದರು.

ಅವರ ಬರೆಹಗಳಲ್ಲಿ ಕಾಣುವ ಮುಂದಿನ ಕಾಲದ ಯಂತ್ರಗಳನ್ನು ಇಂದು ಒಂದೊಂದಾಗಿ ತೂಗಿ ನೋಡುವುದು ಸ್ವಾರಸ್ಯದ ಕೆಲಸ. ದ್ರವ ಜಲಜನಕದ ಮಾತನ್ನೇ ಮೊದಲು ತೆಗೆದುಕೊಳ್ಳಬಹುದು. ಅದನ್ನು ಸೊನ್ನೆಗಿಂತ 253 ಡಿಗ್ರಿ ಕೆಳಗೆ ತಂಪಾಗಿಡಬೇಕು. ಪಕ್ಕದಲ್ಲಿಯೇ ಬೆಂಕಿ ಉರಿಯಬೇಕು. ಲೆಕ್ಕದಲ್ಲಿ ಸುಲಭವಾದದ್ದು ಲೋಹದಲ್ಲಿ ಎಷ್ಟು ಕಠಿಣವೆಂಬುದನ್ನು ನಮ್ಮ ದೇಶ ಸ್ವಾನುಭವದಿಂದ ಅರಿತಿದೆ. ಈ ಬಗೆಯ ಎಂಜಿನ್ನಿನ ತಂತ್ರವನ್ನು ರಷ್ಯದಿಂದ ಪಡೆಯುವ ಒಪ್ಪಂದಕ್ಕೆ ಅಮೆರಿಕ ಅಡ್ಡಬಂದು, 1993ರಲ್ಲಿ ಸಿದ್ಧ ಎಂಜಿನ್ನುಗಳು ಮಾತ್ರ ಬರುವುವು, ವಿದ್ಯೆ ಬರದು ಎಂದಾಯಿತು. ಇಸ್ರೋ ಸಂಸ್ಥೆಯು ಆ ವಿದ್ಯೆಯನ್ನು ತಾನೇ ಸಂಪಾದಿಸಿಕೊಳ್ಳಬೇಕಾಯಿತು. 2010ರ ಏಪ್ರಿಲಿನಲ್ಲಿ ಮೊದಲ ಯತ್ನ ಸೋತು, 2014ರ ಜನವರಿ 5ರಂದು ಸ್ವದೇಶೀ ಎಂಜಿನ್ನು ಗೆದ್ದಿತು. 2023ರ ಜುಲೈ 14ರಂದು ಚಂದ್ರಯಾನ-3ನ್ನು ಹೊತ್ತು ಹೊರಟ ವಾಹನದ ಮೇಲಿನ ಹಂತದಲ್ಲಿ ಉರಿದದ್ದು ದ್ರವ ಜಲಜನಕವೇ. ಆ ವಾಹನದ ತೂಕ ಸುಮಾರು 640 ಟನ್ನು. ಅದು ಚಂದ್ರನ ಕಡೆಗೆ ಕಳುಹಿಸಿದ ನೌಕೆಯ ತೂಕ 4 ಟನ್ನಿಗೂ ಕಡಿಮೆ. ಕಲೂಗದ ಲಾಗರಿದಮ್ಮು ಇಂದಿಗೂ ಒಂದು ಕಾಸನ್ನೂ ಬಿಟ್ಟುಕೊಟ್ಟಿಲ್ಲ.

ಹಂತಗಳ ಕಲ್ಪನೆಯೂ ಅಂಥದೇ. ಬರಿದಾದ ತೊಟ್ಟಿಯನ್ನು ಹೊತ್ತುಕೊಂಡು ಹೋಗುವುದು ದಂಡ. ಅದನ್ನು ಕಳಚಿ ಎಸೆದರೆ ಉಳಿದ ತೂಕ ಹಗುರಾಗಿ ಪ್ರಮಾಣವು ಮತ್ತೆ ಮೊದಲಿಂದ ಆರಂಭವಾಗುತ್ತದೆ. 1929ರಲ್ಲಿ ಅವರು ಇದನ್ನು ರಾಕೆಟ್ಟುಗಳ ರೈಲುಬಂಡಿ ಎಂಬ ಹೆಸರಿನಲ್ಲಿ ವಿವರಿಸಿದರು. ಇಂದು ಹಂತಗಳಿಲ್ಲದೆ ಭೂಕಕ್ಷೆಗೆ ಏರಿದ ವಾಹನವೇ ಇಲ್ಲ. ಆದರೆ ಎಸೆದ ತೊಟ್ಟಿ ಸಮುದ್ರದ ಪಾಲಾಗುವುದಲ್ಲ ಎಂಬ ವ್ಯಥೆ ಉಳಿದೇ ಇತ್ತು. 2015ರ ಡಿಸೆಂಬರ್ 21ರಂದು ಅಮೆರಿಕದ ಫಾಲ್ಕನ್-9 ವಾಹನದ ಕೆಳಹಂತವು ತನ್ನ ಕೆಲಸ ಮುಗಿಸಿ ಹಿಂದಿರುಗಿ ನೆಟ್ಟಗೆ ನೆಲದ ಮೇಲೆ ಇಳಿದಾಗ ಆ ವ್ಯಥೆಗೆ ಪರಿಹಾರದ ಹಾದಿ ತೆರೆಯಿತು. ಮರಳಿ ಇಳಿಯಲು ಬೇಕಾದ ಇಂಧನವನ್ನೂ ಹೊತ್ತೊಯ್ಯಬೇಕಾದ್ದರಿಂದ ಸಾಗಿಸುವ ಭಾರ ತಗ್ಗುತ್ತದೆ. ವಾಹನ ಮಾತ್ರ ಮತ್ತೆ ಮತ್ತೆ ದುಡಿಯುತ್ತದೆ. ಬಂಡಿಯನ್ನು ಪ್ರತಿ ಜಾತ್ರೆಗೂ ಹೊಸದಾಗಿ ಮಾಡಿಸುವುದು ಲೇಸೋ, ಮೇವನ್ನು ಸ್ವಲ್ಪ ಹೆಚ್ಚು ಹೇರುವುದು ಲೇಸೋ ಎಂಬ ಪ್ರಶ್ನೆ ಅದು.

ತ್ಸಿಯೋಲ್ಕೋವ್‌ಸ್ಕಿಯವರು ತಾವೇ ಈ ಸಮಸ್ಯೆಗೆ ಬೇರೊಂದು ಉತ್ತರವನ್ನು ಯೋಚಿಸಿದ್ದರು. 1926ರಲ್ಲಿ ಅವರು ಅಂತರಿಕ್ಷಕ್ಕೆ ಏರುವ 16 ಮೆಟ್ಟಿಲುಗಳ ಒಂದು ಯೋಜನೆಯನ್ನು ಬರೆದರು. ಅದರ ಆರಂಭದಲ್ಲಿಯೇ ಇರುವುದು ರೆಕ್ಕೆಯುಳ್ಳ ರಾಕೆಟ್ ವಿಮಾನ, ತೇಲುತ್ತ ಬಂದು ನೆಲಕ್ಕಿಳಿಯುವ ವಾಹನ. ಚರಿತ್ರೆಯು ಆ ಕ್ರಮವನ್ನು ಪಾಲಿಸಲಿಲ್ಲ. ಯುದ್ಧದ ಕ್ಷಿಪಣಿಗಳಿಂದ ಹುಟ್ಟಿದ ರೆಕ್ಕೆಯಿಲ್ಲದ ರಾಕೆಟ್ಟುಗಳೇ ಮುಂದೆ ಹೋದವು. ರೆಕ್ಕೆಯುಳ್ಳ ಅಮೆರಿಕದ ಸ್ಪೇಸ್ ಶಟಲ್ 1981ರಿಂದ 2011ರವರೆಗೆ ಹಾರಿ ನಿಂತಿತು. ನಮ್ಮಲ್ಲಿ ಆ ಮೆಟ್ಟಿಲನ್ನು ಏರುವ ಪ್ರಯತ್ನ ನಡೆದದ್ದು ಚಿತ್ರದುರ್ಗ ಜಿಲ್ಲೆಯ ಬಯಲಿನಲ್ಲಿ. ಪುಷ್ಪಕವೆಂದು ಹೆಸರಾದ ರೆಕ್ಕೆಯ ವಾಹನವನ್ನು ಹೆಲಿಕಾಪ್ಟರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಡುವುದು, ಅದು ಚಾಲಕನಿಲ್ಲದೆ ತನ್ನ ದಾರಿಯನ್ನು ತಾನೇ ತಿದ್ದಿಕೊಂಡು ಬಂದು ಓಡುದಾರಿಯ ಮೇಲೆ ಇಳಿಯುವುದು. ಈ ಪರೀಕ್ಷೆ 2023ರ ಏಪ್ರಿಲಿನಲ್ಲಿ ಒಮ್ಮೆ, 2024ರ ಮಾರ್ಚ್ ಮತ್ತು ಜೂನ್ ತಿಂಗಳುಗಳಲ್ಲಿ ಎರಡು ಸಲ ನಡೆದು, ಮೂರೂ ಸಲ ಸಫಲವಾಯಿತು. ಅಂತರಿಕ್ಷದಿಂದಲೇ ಹಿಂದಿರುಗಿ ಹೀಗೆ ಇಳಿಯುವುದು ಅದಕ್ಕಿಂತ ಎಷ್ಟೋ ಮಿಗಿಲಾದ ಕೆಲಸ.

ಇನ್ನು ಕೆಲವು ಕಲ್ಪನೆಗಳನ್ನು ಬೇಗ ದಾಟೋಣ. ಗಾಳಿ ಸೋರದಂತೆ ನೌಕೆಯಿಂದ ಹೊರಬೀಳಲು ಎರಡು ಬಾಗಿಲುಗಳ ನಡುಕೋಣೆಯನ್ನು ಅವರು ಸೂಚಿಸಿದ್ದರು. 1965ರ ಮಾರ್ಚ್ 18ರಂದು ಲಿಯೊನೊವ್ ಅಂಥ ಕೋಣೆಯ ಮೂಲಕವೇ ಮೊದಲ ಬಾರಿಗೆ ಶೂನ್ಯಕ್ಕೆ ಕಾಲಿಟ್ಟರು. ಉಸಿರಿಗೂ ಆಹಾರಕ್ಕೂ ನೌಕೆಯಲ್ಲಿಯೇ ಗಿಡ ಬೆಳೆಯಬೇಕೆಂದಿದ್ದರು. 2015ರಲ್ಲಿ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದ ಯಾತ್ರಿಕರು ಅಲ್ಲಿಯೇ ಬೆಳೆದ ಸೊಪ್ಪನ್ನು ತಿಂದರು. ಅದು ರುಚಿ ನೋಡುವಷ್ಟು ಮಾತ್ರ, ಊಟವಾಗುವಷ್ಟಲ್ಲ. ಕಣಗಳನ್ನು ವಿದ್ಯುತ್ತಿನ ಬಲದಿಂದ ಅತಿವೇಗವಾಗಿ ಎಸೆಯುವುದು ಒಂದು ದಿನ ಸಾಧ್ಯವಾದೀತೆಂದು 1911ರಲ್ಲಿ ಬರೆದಿದ್ದರು. 2007ರಲ್ಲಿ ಹೊರಟ ಡಾನ್ ಎಂಬ ಅಮೆರಿಕದ ನೌಕೆಯು ಸುಮಾರು 425 ಕಿಲೋಗ್ರಾಂ ಕ್ಸೆನಾನ್ ಅನಿಲವನ್ನೇ ಪಾಥೇಯವಾಗಿ ಹೊತ್ತು, ವೆಸ್ಟಾ ಮತ್ತು ಸಿರಿಸ್ ಎಂಬ ಎರಡು ಲೋಕಗಳನ್ನು ಒಂದಾದ ಮೇಲೊಂದರಂತೆ ಸುತ್ತಿತು. ಮದ್ದಿನ ಬಾಣಕ್ಕೆ 8000 ಪಟ್ಟು ತೂಕ ಬೇಡಿದ ಅದೇ ಲಾಗರಿದಮ್ಮು, ಕಣಗಳ ವೇಗ ಕ್ಷಣಕ್ಕೆ 30 ಕಿಲೋಮೀಟರಿನಷ್ಟಾದಾಗ ಹೀಗೆ ಉದಾರಿಯಾಗುತ್ತದೆ. ಆದರೆ ಆ ಎಂಜಿನ್ನಿನ ನೂಕು ಅಂಗೈಯ ಮೇಲಿನ ಕಾಗದದ ಹಾಳೆಯ ಭಾರದಷ್ಟು. ನೆಲದಿಂದ ಏಳಲು ಅದು ಬಾರದು, ಏರಿದ ಮೇಲೆ ತಿಂಗಳುಗಟ್ಟಲೆ ನೂಕುತ್ತಿರಲು ಬಂದೀತು.

ಎಲ್ಲವೂ ಕೈಗೂಡಿತೆಂದಲ್ಲ. ಪ್ಯಾರಿಸಿನ ಐಫೆಲ್ ಗೋಪುರದ ಸ್ಫೂರ್ತಿಯಿಂದ, ಭೂಮಿಯ ಜೊತೆಗೇ ತಿರುಗುತ್ತ ವಸ್ತುಗಳು ಭಾರ ಕಳೆದುಕೊಳ್ಳುವಷ್ಟು ಎತ್ತರಕ್ಕೆ, ಎಂದರೆ 35,000 ಕಿಲೋಮೀಟರಿಗೂ ಮೇಲಕ್ಕೆ ಏರುವ ಗೋಪುರವನ್ನು ಅವರು 1895ರಲ್ಲಿ ಕಲ್ಪಿಸಿದರು. ಅಂಥ ಗೋಪುರ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. 1960ರಲ್ಲಿ ಅರ್ತ್‌ಸುತಾನೊವ್ ಎಂಬ ರಷ್ಯನ್ ಎಂಜಿನಿಯರು ಅದನ್ನು ತಲೆಕೆಳಗು ಮಾಡಿ, ಮೇಲಿನಿಂದ ಇಳಿಬಿಟ್ಟ ಹಗ್ಗವೆಂದು ಯೋಚಿಸಿದ ಮೇಲೆ ಕಲ್ಪನೆಗೆ ಜೀವ ಬಂತು. ಅಷ್ಟು ಉದ್ದಕ್ಕೆ ತಾಳುವ ಹಗ್ಗವನ್ನು ಈವರೆಗೆ ಯಾರೂ ಹೊಸೆದಿಲ್ಲ. ಇನ್ನು ಮನುಷ್ಯಕುಲವನ್ನು ಆರಿಸಿ ಆರಿಸಿ ಪರಿಪೂರ್ಣಗೊಳಿಸಬೇಕು, ಅಪೂರ್ಣ ಜೀವಿಗಳು ನೋವಿಲ್ಲದೆ ಅಳಿಯಬೇಕು ಎಂಬಂಥ ಅವರ ತತ್ತ್ವವಿಚಾರಗಳನ್ನು ಓದಿದಾಗ ಇಂದಿನ ಓದುಗನು ಬೆಚ್ಚಿಬೀಳುತ್ತಾನೆ. ತಾನೇ ಅಂಗವೈಕಲ್ಯದಿಂದ ನೊಂದವನು ಹೀಗೇಕೆ ಬರೆದನೆಂಬುದು ನನಗೆ ಅರ್ಥವಾಗಿಲ್ಲ. ಭೂಮಿಯನ್ನು ತೊಟ್ಟಿಲಿಗೆ ಹೋಲಿಸಿದ ಅವರ ಮಾತನ್ನು ಭಾಷಣಕಾರರು ಬಳಸಿ ಬಳಸಿ ಸವೆಸಿದ್ದಾರೆ. ಈ ಬರೆಹಗಳ ವಿಷಯ ಎತ್ತುವವರು ಕಡಿಮೆ.

ಕ್ರಾಂತಿಯ ನಂತರ ಅವರ ಸ್ಥಿತಿ ಒಮ್ಮೆಲೇ ಸುಧಾರಿಸಲಿಲ್ಲ. 1919ರಲ್ಲಿ ಗುಪ್ತ ಪೋಲೀಸರು ಅವರನ್ನು ಬಂಧಿಸಿ ಕೆಲವು ದಿನ ಮಾಸ್ಕೋದ ಸೆರೆಮನೆಯಲ್ಲಿರಿಸಿ ಬಿಟ್ಟರು. 1921ರಲ್ಲಿ ಸರಕಾರ ಜೀವಿತಾವಧಿಯ ವಿಶ್ರಾಂತಿವೇತನ ಕೊಟ್ಟಿತು. ಆಗ ಅವರು ಅಧ್ಯಾಪನದಿಂದ ನಿವೃತ್ತರಾದರು. ಅವರ ಎಷ್ಟೋ ಬರೆಹಗಳು ಪ್ರಕಟವಾದದ್ದು ಅಲ್ಲಿಂದ ಈಚೆಗೆ.

1923ರಲ್ಲಿ ಒದೆಸ್ಸಾ ನಗರದ 15 ವರ್ಷದ ಶಾಲಾ ಹುಡುಗನೊಬ್ಬ ಅವರಿಗೆ ಪತ್ರ ಬರೆದು ಅವರ ಪುಸ್ತಕಗಳನ್ನು ಬೇಡಿದನು. ನಿವೃತ್ತ ಉಪಾಧ್ಯಾಯರು ಅಪರಿಚಿತ ಬಾಲಕನಿಗೆ ಉತ್ತರ ಬರೆದು ಪುಸ್ತಕಗಳನ್ನು ಕಳುಹಿಸಿದರು. ಪತ್ರವ್ಯವಹಾರ ಮುಂದೆಯೂ ನಡೆಯಿತು. ಆ ಹುಡುಗನ ಹೆಸರು ವಲೆಂತೀನ್ ಗ್ಲುಷ್ಕೊ. 1957ರಲ್ಲಿ ಸ್ಪುಟ್ನಿಕ್ಕನ್ನೂ 1961ರಲ್ಲಿ ಗಗಾರಿನ್ನರನ್ನೂ ಮೇಲಕ್ಕೆತ್ತಿದ ಎಂಜಿನ್ನುಗಳು ಆತನ ವಿನ್ಯಾಸ. 1984ರ ಏಪ್ರಿಲ್ 3ರಂದು ನಮ್ಮ ರಾಕೇಶ್ ಶರ್ಮಾ ಅವರು ಏರಿಹೋದ ರಾಕೆಟ್ಟಿನಲ್ಲಿದ್ದುದು ಅದೇ ಕುಲದ ಎಂಜಿನ್ನುಗಳು. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಉಡುಪಿ ಸೀಮೆಯ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಸಿದ್ಧವಾದ 360 ಕಿಲೋಗ್ರಾಂ ತೂಕದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಹಾರಿದ್ದು ಸಹ ರಷ್ಯದ ನೆಲದಿಂದಲೇ.

1932ರಲ್ಲಿ 75 ವರ್ಷ ತುಂಬಿದಾಗ ಸರಕಾರ ಅವರಿಗೆ ಪದಕ ಕೊಟ್ಟು ಗೌರವಿಸಿತು. 1935ರ ಸೆಪ್ಟೆಂಬರ್ 19ರಂದು, ಜಠರದ ಅರ್ಬುದ ರೋಗದಿಂದ, ತಮ್ಮ ಹುಟ್ಟುಹಬ್ಬದ ಎರಡು ದಿನಗಳ ನಂತರ ಅವರು ಕಲೂಗದಲ್ಲಿ ತೀರಿಕೊಂಡರು. 1959ರಲ್ಲಿ ರಷ್ಯದ ನೌಕೆಯೊಂದು ಚಂದ್ರನ ಆಚೆಯ ಮಗ್ಗುಲಿನ ಚಿತ್ರ ತೆಗೆದಾಗ ಕಂಡ ಕಪ್ಪು ತಳದ ದೊಡ್ಡ ಕುಳಿಗೆ ಅವರ ಹೆಸರನ್ನಿಟ್ಟರು. ಭೂಮಿಯಿಂದ ಎಷ್ಟೇ ನೋಡಿದರೂ ಅದು ಕಾಣಿಸುವುದಿಲ್ಲ.

ಕಲೂಗದಲ್ಲಿ ಓಕಾ ನದಿಯ ಸಮೀಪ 1904ರಲ್ಲಿ ಅವರು ಕೊಂಡ ಸಣ್ಣ ಮರದ ಮನೆ ಈಗ ವಸ್ತುಸಂಗ್ರಹಾಲಯ. ಮಹಡಿಯ ಮೇಲೆ ಅವರ ಕೋಣೆ, ಅದಕ್ಕೆ ಹೊಂದಿ ಮಾದರಿಗಳನ್ನು ಮಾಡುತ್ತಿದ್ದ ಜಗುಲಿ. ತಗಡು ಕತ್ತರಿಸುವ ಸಾಧನಗಳು, ಕಿವಿಗೆ ಹಿಡಿಯುತ್ತಿದ್ದ ಕೊಳವೆಗಳು. ಮಹಡಿಯಿಂದ ಮಾಡಿನ ಮೇಲಕ್ಕೆ ತೆರೆದುಕೊಳ್ಳುವ ಒಂದು ಬಾಗಿಲಿದೆ. ಅದಕ್ಕೆ ಆ ಮನೆಯಲ್ಲಿ ವಿನೋದವಾಗಿ ಅಂತರಿಕ್ಷದ ಬಾಗಿಲೆಂಬ ಹೆಸರಿತ್ತು.